ಗೋಡೆಯ ಬುಡದ ಕೆಮ್ಮಣ್ಣು

ಗಂಡ ತೀರಿಕೊಂಡು ವರ್ಷ ತುಂಬಿದ ಮೇಲೆ ದುಫಿಯೆ ಕರಿ ಬಟ್ಟೆ ತೆಗೆದು ಬಿಳಿ ಉಟ್ಟಳು. ನಂಟರು ಬಂದು ಕುಣಿದು, ಉಂಡು, ಅಲ್ಲಿಗೆ ದುಃಖ ಮುಗಿಯಿತು ಎಂದು ಎದ್ದು ಹೋದರು.

ಆಮೇಲೆ ಮಗಳು ಕೊನಾದು ರಾಜಧಾನಿ ಅಕ್ರಾದಿಂದ ಬಂದಳು. ಯಾವ ಕೋಣೆಗೆ ಯಾವ ಬಣ್ಣ ಬಳಿದರೆ ಮನಸ್ಸು ಹೇಗಿರುತ್ತದೆ ಎಂದು ದೊಡ್ಡವರ ಮನೆಗಳಿಗೆ ಹೇಳಿಕೊಡುವುದು ಅವಳ ಕಸುಬು. ಅವ್ವನ ಕೋಣೆ ನೋಡಿ, "ಈ ಮಬ್ಬಿನಲ್ಲಿ ಕೂತ್ರೆ ಗಟ್ಟಿ ಆಳೂ ಅಳ್ತಾನೆ" ಅಂದವಳೇ, ಹಳೇ ಗೋಡೆ ಕೆರೆಸಿ ತಿಳಿ ನೀಲಿ ಬಳಿಸಿದಳು. ನೀಲಿ ಮನಸ್ಸನ್ನು ತಣ್ಣಗಿಡುತ್ತದಂತೆ.

ದುಫಿಯೆಗೆ ಅಲ್ಲಿ ಕಣ್ಣು ಹತ್ತಲಿಲ್ಲ. ಮಲಗಿದರೆ ಬಾವಿಗೆ ಇಳಿದ ಹಾಗಾಗುತ್ತಿತ್ತು. ಕೊನಾದು ಹಳದಿ ಬಳಿಸಿದಳು. ಅದರೊಳಗೆ ಕೂತರೆ ದುಫಿಯೆಗೆ ಯಾರದೋ ಮದುವೆಗೆ ಬಂದು, ಯಾರದೆಂದು ಮರೆತಂತೆ ಅನಿಸುತ್ತಿತ್ತು.

"ಏನನ್ನಿಸ್ತದೆ ಅವ್ವ, ಹೇಳು. ಸಂತೋಷವೋ ಬೇಸರವೋ?"

"ಅದೇ ತಿಳೀವಲ್ದು ಮಗಳೇ. ಹಸಿವಾದಂಗಿರ್ತದೆ, ಉಣ್ಣಕ್ಕೆ ಕೂತ್ರೆ ಹಸಿವಿಲ್ಲ."

ಅವಳು ಅಡುಗೆ ಚಪ್ಪರದಲ್ಲೇ ಚಾಪೆ ಹಾಸಿಕೊಳ್ಳತೊಡಗಿದಳು. ಸುದ್ದಿ ಅಣ್ಣ ಒಸೆಯಿಗೆ ಮುಟ್ಟಿತು. ಗಂಡನ ಮನೆಯಲ್ಲಿ ನಿದ್ದೆ ಬರದ ಹೆಂಗಸು ತಾಯಿಮನೆಗೆ ಮರಳುವುದೇ ಸರಿ, ಭಾನುವಾರ ಗಾಡಿ ತರುತ್ತೇನೆ, ಗಂಟು ಕಟ್ಟಿಡು ಎಂದು ಹೇಳಿಕಳಿಸಿದ. ದುಫಿಯೆಗೆ ಹೋಗುವ ಮನಸ್ಸಿಲ್ಲ. ಅವಳು ಬಾಳಿದ್ದು, ಹೆತ್ತದ್ದು ಎಲ್ಲ ಆ ಕೋಣೆಯಲ್ಲೇ. ಆದರೆ ಅಲ್ಲಿ ಮಲಗಲಾಗದವಳು ಯಾವ ಬಾಯಲ್ಲಿ ಒಲ್ಲೆ ಎಂದಾಳು?

ಭಾನುವಾರ ಗಂಟು ಕಟ್ಟಿದಳು. ಅಣ್ಣ ಬರುವಾಗ ಮನೆ ಕೊಳಕಿರಬಾರದೆಂದು ಕೆಮ್ಮಣ್ಣು ಕಲಸಿ ಒಲೆ ಸಾರಿಸಿದಳು, ಹೊಸ್ತಿಲು ಸಾರಿಸಿದಳು. ಕೈ ನಿಲ್ಲಲಿಲ್ಲ. ಹಳದಿ ಗೋಡೆಯ ಬುಡಕ್ಕೂ ಒಂದು ಪಟ್ಟಿ ಎಳೆದಳು. ಮಗಳು ಕೆರೆಸಿಹಾಕುವ ತನಕ ಅಲ್ಲಿ ಯಾವಾಗಲೂ ಆ ಪಟ್ಟಿ ಇತ್ತು.

ಪಕ್ಕದ ಮನೆಯ ಪೊಕುವಾ ಬೆಂಕಿ ಕೇಳಲು ಬಂದು ಬಾಗಿಲಲ್ಲೇ ನಿಂತಳು. ಕಟ್ಟಿದ ಗಂಟು. ಮೊಣಕೈ ತನಕ ಕೆಂಪಾದ ತೋಳು. ಹತ್ತಿರದ ರಕ್ತಸಂಬಂಧಿ ಸತ್ತರಲ್ಲವೇ ಹೆಂಗಸು ತೋಳಿಗೆ ಕೆಮ್ಮಣ್ಣು ಬಳಿದುಕೊಳ್ಳುವುದು? ದುಫಿಯೆಗೆ ಉಳಿದ ಒಡಹುಟ್ಟು ಒಸೆಯಿ ಒಬ್ಬನೇ. ಪೊಕುವಾ ತಲೆಯ ಮೇಲೆ ಕೈಹೊತ್ತು, "ಅಯ್ಯೋ ಒಸೆಯಣ್ಣ" ಎಂದು ಗೋಳಿಡುತ್ತ ಅಂಗಳಕ್ಕೆ ಓಡಿದಳು.

ಗಳಿಗೆಯೊಳಗೆ ಸಾವಿನ ಮನೆಯ ಕರಿ, ಕೆಂಪು ಬಟ್ಟೆ ಸುತ್ತಿಕೊಂಡ ಹೆಂಗಸರು ಕೋಣೆ ತುಂಬಿದರು. ದುಫಿಯೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವರಿಗೆ ಅಣ್ಣನ ಸುದ್ದಿ ಬಂದಿರಬೇಕು, ನನಗೇ ಹೇಳಿಲ್ಲ ಅನಿಸಿತು. ಕೂತಲ್ಲೇ ಅಳತೊಡಗಿದಳು.

"ಮೊನ್ನೆ ತಾನೇ ನನ್ ಹತ್ರ ಹಲಸಂದೆ ಬೀಜ ಇಸ್ಕೊಂಡು ಹೋದ್ನಲ್ಲ," ಎಂದು ಪೊಕುವಾ ಅತ್ತಳು.

"ಕೊಟ್ಟಿದ್ದು ಹುಳ ಹಿಡಿದಿತ್ತು ಕಣಮ್ಮ," ಎಂದ ಬಾಗಿಲಲ್ಲಿ ನಿಂತ ಒಸೆಯಿ. ಅಳು ಕೇಳಿ ಯಾರ ಮನೆಯ ಹಗ್ಗದ ಮೇಲಿಂದಲೋ ಒಂದು ಕರಿ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಂಡಿದ್ದ. "ಅದಿರ್ಲಿ, ಹೋಗಿದ್ದು ಯಾರು?"

ಹೆಂಗಸರು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಕೊನೆಗೆ ಒಬ್ಬಾಕೆ, "ನೀನೇ ಅಂದ್ರಪ್ಪ," ಎಂದಳು.

ಮೊದಲು ನಕ್ಕವಳು ಪೊಕುವಾ. ಎಲ್ಲರೂ ನಕ್ಕರು. ದುಫಿಯೆ ಅಣ್ಣನ ಮೊಣಕಾಲು ಮುಟ್ಟಿ ನೋಡಿ ತಾನೂ ನಕ್ಕಳು, ಆದರೆ ಅಳು ನಿಲ್ಲಲಿಲ್ಲ. ಅಣ್ಣ ಎದುರಿಗೇ ಇದ್ದಾನೆ. ಗಂಡನಿಗೆ ವರ್ಷವಿಡೀ ಅತ್ತಾಯಿತು. ಇದು ಯಾರ ಪಾಲಿನ ಅಳು? ಯೋಚಿಸುತ್ತ ಯೋಚಿಸುತ್ತ ಕೆಂಪು ಪಟ್ಟಿಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಒರಗಿದಳು.

ಹೆಂಗಸರು ಮಾತಾಡುತ್ತಿದ್ದಂತೆಯೇ ಅವಳ ಗೊರಕೆ ಕೇಳಿಸಿತು.

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಒಸೆಯಿ ಎದ್ದು ಹೋಗಿ ಅವನನ್ನು ಕಳಿಸಿ ಬಂದ. ಹೆಂಗಸರ ಹಿಂದೆಯೇ ಒಳಬಂದಿದ್ದ ಕೊನಾದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹಸಿ ಮಣ್ಣನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದಳು.

"ಇದು ದುಃಖದ ಬಣ್ಣವೋ, ಮನೆ ಬಣ್ಣವೋ ಮಾವ?"

"ನಂಗೇನು ಗೊತ್ತು. ಈಗ ತಾನೇ ಸತ್ತು ಬಂದಿದೀನಿ," ಎಂದ ಅವನು, ದನಿ ತಗ್ಗಿಸಿ. "ಮೆಲ್ಲಗೆ ಮಾತಾಡು. ಮಲಗಿದಾಳೆ."