ಕಾಲು ಅಲ್ಲಾಡಿಸಬೇಡಿ

ಟಕಟಕ ಟಕಟಕ, ನಿಂತಿತು, ಮತ್ತೆ ಟಕಟಕ, ಇದು ತನ್ನ ಟೈಲರಿಂಗ್ ಅಂಗಡಿಯ ಹೊಲಿಗೆ ಮೆಷಿನ್ನೇ ಸರಿ ಎಂದುಕೊಂಡಳು ಅವಳು, ಮೂಗಿನಿಂದ ನಾಲ್ಕು ಬೆರಳು ಮೇಲೆ ಎಂಆರ್‌ಐ ಕೊಳವೆಯ ಬಿಳಿ ಚಾವಣಿ, ಕೈಯಲ್ಲೊಂದು ರಬ್ಬರ್ ಚೆಂಡು, ಭಯವಾದರೆ ಒತ್ತಿ ಎಂದಿದ್ದಾನೆ ಸ್ಕ್ಯಾನ್ ಮಾಡುವವನು, ಭಯವಾದರೆ ಅಂತೆ, ಬೆಳಗಿನಿಂದ ಆಗುತ್ತಿರುವುದು ಮತ್ತೇನು — ಸದ್ದು ನಿಂತು ಕಿವಿಯೊಳಗೆ ಅವನ ದನಿ, ಮೇಡಂ, ಕಾಲು ಅಲ್ಲಾಡಿಸ್ಬೇಡಿ, ಚಿತ್ರ ಮಸುಕಾಗ್ತಿದೆ, ಇನ್ನೊಂದ್ಸಲ ತೆಗೀಬೇಕು. ಕಾಲೇ? ಯಾರ ಕಾಲು? ಅಯ್ಯೋ, ಬಲಗಾಲು ಸದ್ದಿಗೆ ಸರಿಯಾಗಿ ಇಲ್ಲದ ಪೆಡಲು ತುಳಿಯುತ್ತಿದೆ, ಹದಿನಾರು ವರ್ಷದ ಚಾಳಿ, ಎಲ್ಲಿ ಬಂದು ಮಾನ ಕಳೆಯಿತು ನೋಡು. ಚಿತ್ರ ಮಸುಕಾದರೆ ಕೆಟ್ಟೆ, ಡಾಕ್ಟರಮ್ಮ ಬಿಡಿಸಿ ಹೇಳಿದ್ದರಲ್ಲ, ಐದು ಗಡ್ಡೆ ಇದೆ, ನಾಲ್ಕು ಸುಲಭ, ಐದನೇದು ಗರ್ಭಕೋಶದ ಒಳಪದರಕ್ಕೆ ಒತ್ಕೊಂಡಿದೆ, ಪದರ ಚಿತ್ರದಲ್ಲಿ ಬಿಳಿ ಗೆರೆ ಥರ ಕಾಣುತ್ತೆ, ಗೆರೆ ಪೂರ್ತಿ ಇದ್ರೆ ಗಡ್ಡೆ ಮಾತ್ರ ತೆಗೀತೀನಿ, ಮಗುವಿನ ಆಸೆ ಇಟ್ಕೋಬಹುದು, ಗೆರೆ ತುಂಡಾಗಿದ್ರೆ ಗರ್ಭಕೋಶ ಉಳಿಸ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ಬಿಳಿ ಗೆರೆ, ಅಷ್ಟೇ, ಒಂದು ನೂಲಿನಷ್ಟು.

ಹೊರಗೆ ಬೆಂಚಿನ ಮೇಲೆ ಅವಳ ಓಲೆ, ಬಳೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದಾನೆ ಗಂಡ, ನೀನಿದ್ರೆ ಸಾಕು ಕಣೇ, ಮಗು ಯಾರಿಗೆ ಬೇಕು ಅಂದಿದ್ದ, ಅಂದವನು ತನ್ನ ಅಕ್ಕನ ಮಗಳನ್ನು ಹೆಗಲಿಂದ ಕೆಳಗಿಳಿಸುವುದೇ ಇಲ್ಲ, ಮೂವತ್ತೊಂಬತ್ತಾಯ್ತು, ತೆಗೆಸಿ ಹಾಕು ಅತ್ಲಾಗೆ ಅನ್ನುತ್ತಾರೆ ಅತ್ತೆ, ಕಿಟಕಿಯ ಹಳೇ ಪರದೆ ತೆಗೆಸಿದ ಹಾಗೆ, ತಾವು ಮಾತ್ರ ನಾಲ್ಕು ಹೆತ್ತು — ಸಿಟ್ಟಿಗೆ ಉಸಿರು ಏರಿತು, ಹೊಟ್ಟೆ ಏರಿದರೂ ಚಿತ್ರ ಕೆಡುತ್ತದಂತೆ, ಬೇಡ ತಾಯಿ, ಸುಮ್ಮನಿರು. ಟಕಟಕ, ಬಲಗಾಲಿನ ಹೆಬ್ಬೆರಳು ಎದ್ದೇಬಿಟ್ಟಿತು, ಎಡಪಾದದಿಂದ ಅದುಮಿ ಹಿಡಿದಳು, ಬೇಕು, ಮಗು ಬೇಕು, ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿಲ್ಲ, ಬೇಕು. ಆಯ್ತು ಮೇಡಂ, ಎದ್ದೇಳಿ. ಗೆರೆ ಕಾಣ್ತಾ? ಅದನ್ನ ಡಾಕ್ಟ್ರೇ ಹೇಳ್ಬೇಕು, ಎಂದವನು ಗಾಜಿನಾಚೆ ಹೋಗಿ ಕಂಪ್ಯೂಟರಿಗೆ ಅಡ್ಡ ಕೂತ, ಆದರೂ ಬಾಗಿಲಲ್ಲಿ ನಿಂತವಳಿಗೆ ಅವನ ತೋಳಿನ ಸಂದಿಯಲ್ಲಿ ಕಂಡಿತು, ಬೂದು ಬಣ್ಣದ ತನ್ನದೇ ಒಡಲು, ಕಪ್ಪು ಗಡ್ಡೆಗಳು, ಒಂದು, ಎರಡು, ಮೂರು, ನಡುವೆ ಬಿಳಿ ಗೆರೆ, ಇದೆ, ಇಳಿದು ಬರುತ್ತಿದೆ, ದೊಡ್ಡ ಗಡ್ಡೆಯ ಪಕ್ಕ ಬಾಗಿದೆ, ಬಾಗಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಅಲ್ಲಿಗೆ ಸರಿಯಾಗಿ ಅವನ ಮೊಣಕೈ, ಸ್ವಲ್ಪ ಸರಿಯಪ್ಪಾ, ಗೆರೆ, ಮೊಣಕೈ, ಬಿಳಿ ಗೆರೆ —