ಪೈಪಿನೊಳಗಿನ ಪುದೀನ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಮದುವೆಯ ಹೊಸದರಲ್ಲೇ ಕಂಡುಹಿಡಿದಿದ್ದರು. ಹೋದ ವರ್ಷದ ಮೊದಲಲ್ಲಿ ನನಗೆ ಒಂದು ವಾರ ಜ್ವರ ಬಂತು. ಹೋಗುವಾಗ ಅದು ನನ್ನ ಮೂಗಿನಿಂದ ವಾಸನೆಯನ್ನೆಲ್ಲ ಗುಡಿಸಿಕೊಂಡು ಹೋಯಿತು, ಕೋಪವನ್ನು ಮಾತ್ರ ಇದ್ದಲ್ಲೇ ಬಿಟ್ಟಿತು.

ಬೇರೆಯವರಿಗಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು. ಹತ್ತೊಂಬತ್ತು ವರ್ಷ ಒಲೆಯ ಮುಂದೆ ನಿಂತವಳು. ಇನ್ನೂರು ರೋಗಿಗಳಿಗೆ ಸೂಪು ಕುದಿಯುತ್ತಿದ್ದರೆ, ಚಮಚ ಮುಟ್ಟದೆ ಬರೀ ಆವಿ ಮೂಸಿ, ಇನ್ನೆಷ್ಟು ಬೇಯಬೇಕು ಎಂದು ಹೇಳುತ್ತಿದ್ದೆ. ಜಂಬ ಅಂದರೂ ಸರಿಯೆ, ನನ್ನ ಮೂಗಿನ ಬಗ್ಗೆ ನನಗೆ ಜಂಬವಿತ್ತು. ಅಂಥವಳು, ಜ್ವರ ಬಿಟ್ಟು ಕೆಲಸಕ್ಕೆ ಹೋದ ಮೂರನೇ ದಿನ, ದೊಡ್ಡ ಪಾತ್ರೆ ತಳ ಹಿಡಿದು ಕರಕಲಾಗುತ್ತಿದ್ದರೆ ಅದರ ಪಕ್ಕದಲ್ಲೇ ಹಾಡು ಗುನುಗುತ್ತ ನಿಂತಿದ್ದೆ. ಕಾರಿಡಾರಿನ ಆ ತುದಿಯಿಂದ ನರ್ಸು ಓಡಿಬಂದು ಒಲೆ ಆರಿಸಿದಳು.

ಮೇಲ್ವಿಚಾರಕಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನನ್ನನ್ನು ತರಕಾರಿ ಹೆಚ್ಚುವ ಮೇಜಿಗೆ ಹಾಕಿ, “ವರ್ಷದ ಕೊನೆಗೆ ಕೆಲಸದ ಹೊಸ ಪಟ್ಟಿ ಮಾಡ್ತೀವಲ್ಲ, ಅಷ್ಟರೊಳಗೆ ನಿಮ್ಮ ಮೂಗು ಸರಿಯಾದ್ರೆ ಒಲೆ ನಿಮ್ದೇ. ಇಲ್ಲಾಂದ್ರೆ ನಾನೇನ್ ಮಾಡ್ಲಿ ಹೇಳಿ,” ಅಂದರು. ಚಾಕು ಕೈಗೆತ್ತಿಕೊಂಡೆ. ದಿನಕ್ಕೆ ಒಂದು ಮೂಟೆ ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಈರುಳ್ಳಿಯ ವಾಸನೆ ಬರುತ್ತಿರಲಿಲ್ಲ.

ಮೂಗಿನ ಡಾಕ್ಟರು ನನ್ನ ಎರಡೂ ಹೊಳ್ಳೆಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. “ಮೂಗಿಗೂ ವ್ಯಾಯಾಮ ಬೇಕು. ಬೆಳಿಗ್ಗೆ ಸಂಜೆ ನಾಲ್ಕು ಥರದ ವಾಸನೆ, ಒಂದೊಂದನ್ನೂ ಮನಸ್ಸಿಟ್ಟು ಮೂಸಿ. ಬರ್ಬಹುದು, ಬರ್ದೇನೂ ಇರ್ಬಹುದು. ಆದ್ರೆ ಯಾವ್ದಾದ್ರೂ ಒಂದೇ ಒಂದು ವಾಸನೆ ಬಂತು ಅಂದ್ರೆ, ಬ್ಲಾಕ್ ಬಿಡ್ತಾ ಇದೆ ಅಂತ ಧೈರ್ಯ ತಗೊಳ್ಳಿ,” ಅಂದರು.

ಬ್ಲಾಕ್ ಎಂಬ ಮಾತು ಕೇಳಿದ್ದೇ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರ ಕಿವಿ ನೆಟ್ಟಗಾಯಿತು. ಅವರು ಪ್ಲಂಬರ್. ಇಪ್ಪತ್ತೆಂಟು ವರ್ಷದಿಂದ ಊರಿನವರ ಬಚ್ಚಲು, ಸಿಂಕು, ಮೋರಿಗಳ ಬ್ಲಾಕ್ ಬಿಡಿಸುತ್ತಿರುವವರು. ಹೆಂಡತಿಯ ಮೂಗೂ ಈಗ ಅವರ ಕಸುಬಿಗೆ ಸೇರಿದ ವಿಷಯವಾಯಿತು.

“ಬಾಟಲಿ ಎಣ್ಣೆಯೆಲ್ಲ ಬೇಡ ಕಣೇ. ಜೀವ ಇರೋ ಎಲೆ ಬೇಕು. ಕಿತ್ತ ಕೂಡಲೇ ಮೂಸ್ಬೇಕು. ನಾನು ಬೆಳೆದು ಕೊಡ್ತೀನಿ,” ಅಂದರು ದಾರಿಯಲ್ಲೇ.

“ಎಲ್ಲಿ, ನಿಮ್ಮ ತಲೆ ಮೇಲಾ?”

ನಮ್ಮದು ಮೂರನೇ ಮಹಡಿ, ಎರಡು ಕೋಣೆ. ಹಿಂದೊಮ್ಮೆ ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟಿದ್ದಾಗ ಅದರ ನೀರು ಕೆಳಗಿನ ಮನೆಯವರ ಹಾಸಿಗೆಯ ಮೇಲೆ ಸೋರಿತ್ತು. ಪ್ಲಂಬರ್ ಮನೆಯಿಂದಲೇ ಸೋರಿಕೆ ಎಂದು ಅವರು ಆಡಿದ ಮಾತು ಇವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅದಕ್ಕೇ ಮಣ್ಣಿನ ಮಾತೇ ಇಲ್ಲ, ಪೈಪಿನೊಳಗೆ ನೀರಲ್ಲೇ ಬೆಳೆಯುವುದು ಅಂದರು. ಯಾರದೋ ಮನೆಯ ತಾರಸಿಯಲ್ಲಿ ಪಂಪು ರಿಪೇರಿಗೆ ಹೋಗಿದ್ದಾಗ ನೋಡಿ ಬಂದಿದ್ದರಂತೆ. ಹೈಡ್ರೋಪೋನಿಕ್ಸ್ ಎಂಬ ಆ ಹೆಸರನ್ನು ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದರು.

ಅಡುಗೆಮನೆಯ ಕಿಟಕಿಗೆ ಒರಗಿಸಿ ನಾಲ್ಕು ಬಿಳಿ ಪೈಪುಗಳು, ಒಂದರ ಕೆಳಗೊಂದು ಎದ್ದವು. ಪೈಪಿನ ಮೈತುಂಬ ಲೋಟದ ಬಾಯಿಯಷ್ಟು ದೊಡ್ಡ ತೂತು, ತೂತಿಗೊಂದು ಜಾಲರಿ ಬಟ್ಟಲು. ಕೆಳಗೆ ಮುಚ್ಚಳದ ತೊಟ್ಟಿ. ಅದರೊಳಗೆ ಮುಷ್ಟಿಗಾತ್ರದ ಪಂಪು ನೀರನ್ನು ಮೇಲಿನ ಪೈಪಿಗೆ ಏರಿಸುತ್ತದೆ, ನೀರು ತೆಳ್ಳಗೆ ಹರಿದು ಇಳಿದು ಮತ್ತೆ ತೊಟ್ಟಿಗೆ ಬೀಳುತ್ತದೆ. ಆ ನೀರಿಗೆ ಎರಡು ಬಾಟಲಿಯಿಂದ ಅಳತೆ ಮಾಡಿ ಗೊಬ್ಬರದ ರಸ ಹಾಕಬೇಕು. ಮಣ್ಣು ಒಂದು ಚಿಟಿಕೆಯೂ ಇಲ್ಲ.

“ನೀರಲ್ಲಿ ಪಾಚಿ ಬೆಳೆಯುತ್ತೆ. ಮಿಕ್ಕಿದ್ದೇನೂ ಬೆಳೆಯಲ್ಲ,” ಎಂದು ಅತ್ತೆ ಮೂಗು ಮುರಿದರು. ನಾನೂ ಅವರ ಪಕ್ಷವೇ. ಅತ್ತೆ ಸೊಸೆ ಒಂದೇ ಪಕ್ಷ ಸೇರಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಪುದೀನ, ಕೊತ್ತಂಬರಿ, ಸಬ್ಬಸಿಗೆ, ತುಳಸಿಯ ಜಾತಿಯ ಬೇಸಿಲ್. ನಾಲ್ಕು ವಾಸನೆಗೆ ನಾಲ್ಕು. ಜೊತೆಗೆ ಒಂದು ಸಾಲು ಲೆಟಿಸ್ ಸೊಪ್ಪು. ಅದಕ್ಕೇನು ವಾಸನೆ ಎಂದು ಕೇಳಿದೆ. “ಅದು ಬೇಗ ಬೆಳೆಯುತ್ತೆ. ನಿನಗೆ ಧೈರ್ಯ ಬರ್ಲಿ ಅಂತ,” ಅಂದರು. ಒದ್ದೆ ಸ್ಪಂಜಿನ ಚೂರುಗಳಲ್ಲಿ ತಮ್ಮ ಆ ದಪ್ಪ ಬೆರಳುಗಳಿಂದ ಒಂದೊಂದೇ ಬೀಜ ಇಟ್ಟರು.

ಒಂಬತ್ತನೇ ದಿನ ಬೆಳಿಗ್ಗೆ ನನ್ನನ್ನು ಕೈಹಿಡಿದು ಎಬ್ಬಿಸಿಕೊಂಡು ಹೋದರು. ಒಂದು ಜಾಲರಿ ಬಟ್ಟಲನ್ನು ಮೆಲ್ಲಗೆ ಮೇಲೆತ್ತಿದರು. ಸ್ಪಂಜಿನ ತಳದಿಂದ ಒಂದು ಬೇರು ಇಳಿದಿತ್ತು. ಹೊಲಿಗೆಯ ದಾರಕ್ಕಿಂತ ತೆಳು, ಹಾಲಿಗಿಂತ ಬಿಳಿ. ಅದರ ತುದಿಯಲ್ಲಿ ಒಂದು ಹನಿ ನೀರು ತೂಗುತ್ತಿತ್ತು.

ನಾನು ಬಗ್ಗಿ ನೋಡಿದೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಕಟ್ಟು ಸೊಪ್ಪು ನನ್ನ ಕೈಯಲ್ಲಿ ಹೋಗಿಲ್ಲ! ಬೇರು ಎಂದರೆ ನನಗೆ ಚಾಕುವಿನ ಒಂದೇ ಏಟಿಗೆ ಕಸದ ಬುಟ್ಟಿಗೆ ಹೋಗುವ ಮಣ್ಣುಮೆತ್ತಿದ ಗಂಟು, ಅಷ್ಟೆ. ಬೇರು ಇಷ್ಟು ಬೆಳ್ಳಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಣ್ಣಿಲ್ಲ, ಕೈಯಿಲ್ಲ, ಕತ್ತಲ ಪೈಪಿನಲ್ಲಿ ನೀರು ಎಲ್ಲಿದೆ ಎಂದು ಅದಕ್ಕೆ ಹೇಗೆ ಗೊತ್ತಾಯಿತು? ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಆಮೇಲೆ ಪಾಚಿಯ ಮಾತು ಎತ್ತಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಒಂದು ಥರದ ಮರುಳು ಹಿಡಿಯಿತು. ಲೆಟಿಸ್ ರಾತ್ರಿ ಮಲಗುವಾಗ ಒಂದು ಅಳತೆ ಇದ್ದರೆ ಬೆಳಿಗ್ಗೆ ಏಳುವಾಗ ಇನ್ನೊಂದು. ಎಳೆ ಎಲೆಯ ಅಂಚು ಮುದ್ದೆಯಾಗಿ ಹುಟ್ಟಿ, ಬಿಸಿಲು ಬಿದ್ದಂತೆ ತಾನೇ ಬಿಡಿಸಿಕೊಳ್ಳುತ್ತಿತ್ತು. ನಾನು ಕೆಲಸಕ್ಕೆ ಹೊರಡುವುದನ್ನು ಬಿಟ್ಟು ನೋಡುತ್ತ ನಿಂತು, ಎರಡು ಸಲ ಬಸ್ಸು ತಪ್ಪಿಸಿಕೊಂಡೆ. ನೀರು ಮತ್ತು ಬೆಳಕು, ಇಷ್ಟರಿಂದಲೇ ಇಷ್ಟು ಹಸಿರು ಎಲ್ಲಿಂದ ಬಂತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಈಗಲೂ ಅನ್ನುತ್ತದೆ.

ಆದರೆ ನಾನು ಬೆಳೆಸಿಕೊಳ್ಳಬೇಕಾಗಿದ್ದದ್ದು ಎಲೆಯನ್ನಲ್ಲವಲ್ಲ. ದಿನಾ ಬೆಳಿಗ್ಗೆ ಸಂಜೆ ಸ್ಟೂಲ್ ಹಾಕಿಕೊಂಡು ಪೈಪಿನ ಮುಂದೆ ಕೂರುತ್ತಿದ್ದೆ. ಕಣ್ಣು ಮುಚ್ಚಿ, ಒಂದೊಂದೇ ಎಲೆ ಕಿತ್ತು, ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿಯುತ್ತಿದ್ದೆ. ಪುದೀನ ಮೂಗಿನೊಳಗೆ ತಣ್ಣಗೆ ತಾಗುತ್ತಿತ್ತು, ಗಾಳಿ ತಾಗಿದ ಹಾಗೆ. ವಾಸನೆ ಇಲ್ಲ. ಕೊತ್ತಂಬರಿ ಇಲ್ಲ. ಸಬ್ಬಸಿಗೆ ಇಲ್ಲ. ಬೇಸಿಲ್ ಇಲ್ಲ. ಇವರು ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿರುತ್ತಿದ್ದರು. ನಾನು ತಲೆಯಾಡಿಸಿದರೆ, “ಆಗ್ಲಿ ಬಿಡು, ಸಂಜೆ ನೋಡೋಣ,” ಎಂದು ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ತಿಂಗಳುಗಳು ಹೀಗೇ ಹೋದವು. ಲೆಟಿಸ್ ನಾಲ್ಕು ಬೆಳೆ ತಿಂದಾಯಿತು. ಹೊಸ ಪಟ್ಟಿಗೆ ಮೂರು ವಾರ ಉಳಿಯಿತು.

ಆಗಲೇ ಅವರು ಆ ಘನಕಾರ್ಯ ಮಾಡಿದ್ದು. ಒಂದು ಸಂಜೆ ನಾನು ಕೆಲಸದಿಂದ ಬಂದರೆ, ಅಡುಗೆಮನೆಯ ನಡುವೆ ಎದೆಯುಬ್ಬಿಸಿ ನಿಂತಿದ್ದಾರೆ. ಕಾಲ ಬಳಿ ಬಕೆಟ್ಟು. ಬಕೆಟ್ಟಿನ ತುಂಬ ಬೇರು, ಮುದುಕಿಯ ನರೆಗೂದಲಿನ ಹಾಗೆ.

“ಏನ್ರೀ ಇದು?”

“ಪುದೀನ ಕಣೇ! ಬೇರಿಂದ ಪೈಪ್ ಪೂರ್ತಿ ಕಟ್ಟಿಕೊಂಡುಬಿಟ್ಟಿತ್ತು. ನೀರು ತೂತಿನಿಂದ ಉಕ್ಕಿ ಹೊರಗೆ ಬರ್ತಿತ್ತು. ಇನ್ನೊಂದು ಗಂಟೆ ಬಿಟ್ಟಿದ್ರೆ ಕೆಳಗಿನವರ ಹಾಸಿಗೆ ಮೇಲೆ! ಸ್ಪ್ರಿಂಗ್ ತಂತಿ ಹಾಕಿ ಒಂದೇ ಸಲಕ್ಕೆ ಎಳೆದುಬಿಟ್ಟೆ. ಈಗ ನೋಡು, ನೀರು ಹೇಗೆ ಓಡ್ತಿದೆ.”

ಮೋರಿಗೆ ಹಾಕುವ ಸ್ಪ್ರಿಂಗ್ ತಂತಿ. ಬೇರು ಎಂದರೆ ಅವರ ಪಾಲಿಗೆ ಇಪ್ಪತ್ತೆಂಟು ವರ್ಷದ ಶತ್ರು. ಮರದ ಬೇರು ಪೈಪಿನೊಳಗೆ ನುಗ್ಗಿದೆ ಎಂದು ಯಾರಾದರೂ ಕರೆದರೆ ಊಟ ಬಿಟ್ಟು ಓಡುವವರು. ತಾವೇ ಬೀಜ ಇಟ್ಟು, ತಾವೇ ನೀರು ಕೊಟ್ಟು ಬೆಳೆಸಿದ ಬೇರು ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ.

“ಬೇರು ಕಿತ್ತಮೇಲೆ ಗಿಡ ಏನ್ ತಿನ್ನುತ್ತೋ, ನಿನ್ನ ಪೈಪಾ?” ಅತ್ತೆ ಒಳಗಿನಿಂದ ಕೇಳಿದರು. ಆಗ ಇವರ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. ಬಕೆಟ್ಟನ್ನು ನೋಡಿದರು, ಪೈಪನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಆ ದಿನ ಆಡಬಾರದ್ದೆಲ್ಲ ಆಡಿದೆ. “ನನ್ನ ಮೂಗಿಗೂ ಆ ತಂತಿನೇ ಹಾಕಿ ಎಳೆದುಬಿಡಿ, ಒಂದೇ ಸಲಕ್ಕೆ ಆಗ್ಹೋಗ್ಲಿ!” ಅಂದೆ. ಅವರು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದರು. ಆಮೇಲೆ ಬಹಳ ಹೊತ್ತು ಬರಲಿಲ್ಲ.

ಪುದೀನ ಎರಡು ದಿನ ನಿಂತಿತು, ಮೂರನೇ ದಿನ ತಲೆ ತಗ್ಗಿಸಿತು. ನಾಲ್ಕನೇ ದಿನ ಸಂಜೆ ಅತ್ತೆ, “ಏನೋ ನಾರ್ತಿದೆಯಲ್ಲೋ,” ಅಂದರು. ಇವರೂ ಮೂಸಿ ನೋಡಿ ಹೌದೆಂದರು. ಬಚ್ಚಲಿನ ಜಾಲರಿ ಬಿಚ್ಚಿದರು, ಸಿಂಕಿನ ಕೆಳಗೆ ತಲೆ ತೂರಿಸಿದರು, ಕಕ್ಕಸಿನ ಪೈಪಿಗೆ ಕಿವಿಯಿಟ್ಟರು. ತಾಯಿ ಮಗ ಇಬ್ಬರೂ ಕೋಣೆ ಕೋಣೆ ಅಲೆದು ಗಾಳಿ ಮೂಸುತ್ತಿದ್ದರೆ, ನಾನು ನಡುಮನೆಯಲ್ಲಿ ಕಂಬದ ಹಾಗೆ ನಿಂತಿದ್ದೆ. ಆ ಮನೆಯಲ್ಲಿ ಏನೋ ಒಂದು ಇತ್ತು, ಇಬ್ಬರಿಗೂ ಗೊತ್ತಿತ್ತು, ನನಗೆ ಇರಲಿಲ್ಲ. ಅಷ್ಟು ಒಂಟಿ ಅನ್ನಿಸಿದ್ದು ನನಗೆ ಜೀವಮಾನದಲ್ಲೇ ಇಲ್ಲ. ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ.

ಬೆಳಿಗ್ಗೆ ಅಭ್ಯಾಸಬಲದಿಂದ ಸ್ಟೂಲ್ ಎಳೆದುಕೊಂಡು ಕೂತೆ. ಪುದೀನದ ಕಡೆ ನೋಡಲು ಮನಸ್ಸಾಗಲಿಲ್ಲ. ಕೊತ್ತಂಬರಿಯ ಎಲೆ ಕಿತ್ತು ಹೊಸಕಿ, ಕಣ್ಣು ಮುಚ್ಚಿ ಉಸಿರು ಎಳೆದುಕೊಂಡೆ. ಇಲ್ಲ. ಸಬ್ಬಸಿಗೆ. ಇಲ್ಲ. ಕೈ ಕೆಳಗಿಳಿಸಿದೆ. ಆಗ ಏನೋ ತಾಗಿತು.

ಏನೆಂದು ತಿಳಿಯಲಿಲ್ಲ. ಮೊದಲು ಅದು ವಾಸನೆ ಎಂದೇ ತಿಳಿಯಲಿಲ್ಲ. ಹಣೆಯ ಒಳಗೆಲ್ಲೋ ಯಾರೋ ಒಂದು ಬಾಗಿಲನ್ನು ಬೆರಳಷ್ಟು ಸರಿಸಿದಂತಾಯಿತು. ಕಣ್ಣು ಬಿಟ್ಟರೆ ಹೋದೀತು ಎಂದು ಹೆದರಿ, ಮುಚ್ಚಿಕೊಂಡೇ ತಲೆಯನ್ನು ಅತ್ತ ತಿರುಗಿಸಿದೆ. ಹೋಯಿತು. ಇತ್ತ ತಿರುಗಿಸಿದೆ. ಬಂತು! ಸ್ಟೂಲಿನಿಂದ ಇಳಿದು ಮಂಡಿಯೂರಿದೆ. ಪೈಪಿನ ಗುಂಟ ಮೂಗು ಹಿಡಿದು, ಮೇಲಿನಿಂದ ಎರಡನೆಯದಕ್ಕೆ, ಎರಡನೆಯದರಿಂದ ಕೆಳಕ್ಕೆ ಇಳಿದೆ. ಇಳಿದಂತೆಲ್ಲ ಗಟ್ಟಿಯಾಯಿತು. ತೊಟ್ಟಿಯ ಮುಂದೆ ಕೂತು ಮುಚ್ಚಳ ಎತ್ತಿದೆ.

ಹರಿದ ಬೇರಿನ ಚೂರುಗಳು ಪಂಪಿನ ಬಾಯಿಗೆ ಕಟ್ಟಿ, ನೀರು ನಿಂತು, ಎಲ್ಲ ಕೊಳೆತು ಕಂದುಬಣ್ಣಕ್ಕೆ ತಿರುಗಿತ್ತು. ದುರ್ನಾತ! ವಾಂತಿ ಬರುವಂಥ, ತಿಂಗಳುಗಟ್ಟಲೆ ನೀರು ಬದಲಿಸದ ಹೂದಾನಿಯಂಥ, ಗಟ್ಟಿ ದುರ್ನಾತ. ನಾನು ತೊಟ್ಟಿಯ ಎರಡೂ ಅಂಚು ಹಿಡಿದು ಮುಖವನ್ನು ಒಳಕ್ಕೆ ಬಗ್ಗಿಸಿ, ಎದೆ ತುಂಬ ಎಳೆದುಕೊಂಡೆ. ಬಿಟ್ಟು, ಮತ್ತೆ ಎಳೆದುಕೊಂಡೆ. ಜಗತ್ತು ಇಷ್ಟು ಹತ್ತಿರ ಇರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಕಣ್ಣೀರು ಧಾರೆಯಾಗಿ ನೀರಿಗೆ ಬೀಳುತ್ತಿತ್ತು.

ಇವರು ಓಡಿಬಂದವರು ಬಾಗಿಲಲ್ಲೇ ಮೂಗು ಹಿಡಿದು ನಿಂತರು.

“ಅಯ್ಯೋ, ತೊಟ್ಟಿನೇ! ಊರ ಮೋರಿಯೆಲ್ಲ ಹುಡುಕಿ ನನ್ನ ತೊಟ್ಟಿನೇ ನೋಡ್ಲಿಲ್ಲವಲ್ಲ! ಎಲ್ಲ ನನ್ನಿಂದ್ಲೇ. ಏಳೇ, ಅಳ್ಬೇಡ. ಹೊಸ ಬೀಜ ಹಾಕೋಣ. ಮೊದ್ಲು ಈ ನೀರು ಚೆಲ್ಲಿಬಿಡ್ತೀನಿ.”

“ಮುಟ್ಟಬೇಡಿ!” ಎಂದು ಕಿರುಚಿ ತೊಟ್ಟಿಯನ್ನು ತಬ್ಬಿಕೊಂಡೆ. “ಇದನ್ನ ಮುಟ್ಟಿದ್ರೆ ನೋಡಿ ಮತ್ತೆ!”

ಅವರು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು. ಅಳುವಿನ ನಡುವೆ ನಾನು ನಗುತ್ತಿರುವುದು ಆಗ ಕಂಡಿತು. ಮೂಗಿನಿಂದ ಕೈ ತೆಗೆದರು. ಅಲ್ಲೇ ನೆಲದ ಮೇಲೆ, ತೊಟ್ಟಿಯ ಆಚೆ ಬದಿಗೆ ಕುಸಿದು ಕೂತರು.

ಒಳಗಿನಿಂದ ಅತ್ತೆ ಗದರಿದರು. “ಅಬ್ಬಬ್ಬಾ, ಎಂಥ ನಾತನೋ ಇದು! ಯಾರಿಗೂ ಮೂಗಿಲ್ವಾ ಈ ಮನೇಲಿ?”

“ಇದೆ ಅತ್ತೆ,” ಎಂದು ನಾನು ಕೂಗಿದೆ. “ನನಗೂ ಬರ್ತಿದೆ! ನನಗೂ!”

ಆಮೇಲೆ ಕೋಲಿನ ಸದ್ದು ಕೇಳಿತು. ಅತ್ತೆ ಮೂಗಿಗೆ ಟವೆಲ್ ಒತ್ತಿಕೊಂಡು ಬಾಗಿಲಿಗೆ ಬಂದು, ನನ್ನನ್ನು, ಮಗನನ್ನು, ತೊಟ್ಟಿಯನ್ನು ನೋಡಿದರು. ಟವೆಲನ್ನು ನಿಧಾನಕ್ಕೆ ಕೆಳಗಿಳಿಸಿ ಹೆಗಲ ಮೇಲೆ ಹಾಕಿಕೊಂಡರು. ನಾನು ಬಿಟ್ಟೆದ್ದ ಸ್ಟೂಲನ್ನು ತೊಟ್ಟಿಯ ಹತ್ತಿರಕ್ಕೆ ಎಳೆದು, ನಮ್ಮ ಜೊತೆ ಕೂತರು.