ಎರಡು ತಿಂಗಳ ಪಾಠ

“‘ಕ್ಯಾಚ್ ಅಪ್ ವಿತ್’ ಅಂದ್ರ ಹಿಡಿಯೋದಲ್ಲ ಆರಿಫಾ,” ಎಂದಳು ವಿದ್ಯಾ. “ನಮಗಿಂತ ಮುಂದ ಹೋದವ್ರನ್ನ ಹೋಗಿ ಮುಟ್ಟೋದು. ಒಂದು ವಾಕ್ಯ ಹೇಳು ನೋಡೂಣು.”

ಆರಿಫಾ ಮಗ್ಗದಿಂದ ತಲೆಯೆತ್ತಲಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದಳು. ತಾಯಿ ಲಾಡಬಿಯ ಬಲಗೈ ಮುರಿದು ಎರಡು ತಿಂಗಳಾಗಿತ್ತು. ಪಟ್ಟಿ ಬಿಚ್ಚಿದ್ದರೂ ಬೆರಳು ಮಡಚುತ್ತಿರಲಿಲ್ಲ. ಅಂದಿನಿಂದ ಮಗಳು ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ನಾಳೆ ಇಂಗ್ಲಿಷ್ ಕಿರುಪರೀಕ್ಷೆ ಬರೆದು ಪಾಸಾದರೆ ಮಾತ್ರ ವಾರ್ಷಿಕ ಪರೀಕ್ಷೆಗೆ ಹೆಸರು ಹೋಗುತ್ತದೆಂದು ಮಹಾದೇವಿ ಮೇಡಂ ಹೇಳಿ ಕಳಿಸಿದ್ದರು. ಸುದ್ದಿ ತಂದ ಗೆಳತಿ ಚಾಪೆ ಹಾಸಿಕೊಂಡು ಪಾಠಕ್ಕೇ ಕೂತಿದ್ದಳು.

ಲಾಡಬಿ ಎಡಗೈಯಿಂದ ಎಳೆಯ ತುದಿಗಳನ್ನು ಎತ್ತಿ ಕೊಡುತ್ತಿದ್ದಳು. ಕಣ್ಣು ಮಾತ್ರ ಮಗಳ ಮುಖದ ಮೇಲೆ.

“ಮುಂದ ಹೋದವ್ರು ಎಲ್ಲ್ಯರ ನಿಂತಿರ್ತಾರೇನು, ವಿದ್ಯಾ?”

“ಇಲ್ಲ ಚಾಚಿ. ಅವ್ರೂ ನಡೀತಿರ್ತಾರ. ನಾವು ಜೋರ್ ನಡೀಬೇಕು.”

“ಹಾಂಗಾರ ಬಿಡು,” ಆರಿಫಾ ನಕ್ಕಳು. “ನಾ ದಿನಾ ಈ ಮಗ್ಗ ಎಷ್ಟು ತುಳೀತೇನಿ, ಒಂದು ಗೇಣು ಮುಂದ ಹೋಗಿಲ್ಲ. ಮೇಡಮ್ಮಗ ಹೇಳಿಬಿಡು, ನಾ ಬರಂಗಿಲ್ಲ.”

ನಗುವಿನ ಬೆನ್ನಿಗೇ ಅವಳ ಕಣ್ಣು ಚಾಪೆಯ ಮೇಲೆ ತೆರೆದಿದ್ದ ಪುಸ್ತಕದ ಕಡೆ ಹೊರಳಿದ್ದನ್ನು ಲಾಡಬಿ ಕಂಡಳು.

ಕೊಂಡಿ ಹಾಕಲು ಕೂತವರು ಕೊನೆಯ ಎಳೆ ಮುಗಿಯದೆ ಏಳಬಾರದು. ಅದು ಲಾಡಬಿಯ ಅತ್ತೆ, ಆರಿಫಾಳ ದಾದಿ, ಈ ಮನೆಯಲ್ಲಿ ಹಾಕಿಕೊಟ್ಟ ಕಟ್ಟಳೆ. ಇದೇ ಮಗಳನ್ನು ಹೆರುವ ನೋವು ಶುರುವಾದ ದಿನವೂ ಲಾಡಬಿ ಹಲ್ಲು ಕಚ್ಚಿ ಮುಗಿಸಿಯೇ ಎದ್ದಿದ್ದಳು. ಈಗ ಅರ್ಧಕ್ಕೂ ಹೆಚ್ಚು ಎಳೆ ಉಳಿದಿದ್ದವು. ಸೀರೆ ಒಯ್ಯಲು ಸಾಹುಕಾರನ ಕಡೆಯವರು ಶುಕ್ರವಾರ ಬರುವವರಿದ್ದರು.

“ಏಳು,” ಎಂದಳು ಲಾಡಬಿ.

“ಅಮ್ಮಾ, ನಡುವ?”

“ಏಳಂದ್ನಿ. ಎಳಿ ನಾ ಹಿಡಕೊಂಡಿರ್ತೇನಿ.”

“ದಾದಿ ಇದ್ದಿದ್ರ ನಿನ್ನ ಕೈ ಮುರೀತಿದ್ಲು.”

“ಅದು ಮುರದೈತಲ್ಲ, ಇನ್ನೇನ್ ಮುರೀತಾಳ? ಏಳು.”

ವಿದ್ಯಾ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಆರಿಫಾ ನಗಲಿಲ್ಲ. ತಾಯಿಯನ್ನೇ ಒಂದು ಗಳಿಗೆ ನೋಡಿ, ಮಗ್ಗದ ಕುಣಿಯಿಂದ ಮೇಲೆ ಬಂದಳು. ಲಾಡಬಿ ಬಿಡಿ ಎಳೆಗಳನ್ನೆಲ್ಲ ಎಡಮುಷ್ಟಿಯಲ್ಲಿ ಬಿಗಿಹಿಡಿದು, ಉಸಿರನ್ನೂ ಮೆಲ್ಲಗೆ ಬಿಡುತ್ತ ಕೂತಳು.

ಚಾಪೆಯ ಮೇಲೆ ವಿದ್ಯಾ ಸರಿದು ಜಾಗ ಮಾಡಿದಳು. ಆರಿಫಾ ಎಳೆಯ ಬಣ್ಣ ಹತ್ತಿದ ಬೆವೆತ ಬೆರಳುಗಳನ್ನು ದುಪಟ್ಟಾಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು, ಆಮೇಲೆ ಪುಸ್ತಕ ಮುಟ್ಟಿದಳು. ಆದರೂ ಪುಟದ ಅಂಚಿನಲ್ಲಿ ಒಂದು ಕೆಂಪು ಬೆರಳಚ್ಚು ಮೂಡಿತು.